ಮೂಟೆಯೊಳಗೆ ಕೈ ಹಾಕುವವರು ಯಾರು?

ಕನ್ನಡದಲ್ಲಿ ಒಂದು ಕಥಾ ಸಂಕಲನ ಹೊರಬಂದರೆ ಅದನ್ನು ಎಳೆ ಎಳೆಯಾಗಿ ಬಿಡಿಸಿ ನೋಡುವ ವಿಮರ್ಶಕರಿದ್ದಾರೆ. ಸಿನಿಮಾ ಬಿಡುಗಡೆಯಾದ ಮರುದಿನವೇ ಅದರ ಗುಣದೋಷಗಳು ಅಚ್ಚಾಗುತ್ತವೆ. ಪುಸ್ತಕ ಹಿಡಿಸದಿದ್ದರೆ ಕೊಂಡವನಿಗೆ ನೂರಿನ್ನೂರು ರೂಪಾಯಿ ನಷ್ಟ, ಸಿನಿಮಾ ಹಿಡಿಸದಿದ್ದರೆ ಒಂದು ಸಂಜೆ ನಷ್ಟ. ಆದರೆ ಒಂದು ಕುಟುಂಬದ ಹಲವು ತಿಂಗಳ ಉಳಿತಾಯವನ್ನು ಒಂದೇ ಸಲಕ್ಕೆ ನುಂಗುವ ಕಂಪ್ಯೂಟರ್, ಮೊಬೈಲ್ ಫೋನ್, ಮಕ್ಕಳು ಹಠ ಹಿಡಿದು ತರಿಸಿಕೊಳ್ಳುವ ವಿಡಿಯೊ ಗೇಮ್ ಇವುಗಳ ಬಗ್ಗೆ ನಮ್ಮ ಭಾಷೆಯಲ್ಲಿ ನಡೆಯುವ ವಿಮರ್ಶೆ ಎಂಥದ್ದು?

ಈ ಪ್ರಶ್ನೆಯನ್ನು ಬೆಂಗಳೂರಿನಲ್ಲಿ ಕುಳಿತು ಕೇಳುವುದಕ್ಕೂ ಸಂತೇಬೆನ್ನೂರಿನಲ್ಲಿ ಕುಳಿತು ಕೇಳುವುದಕ್ಕೂ ವ್ಯತ್ಯಾಸವಿದೆ. ಬೆಂಗಳೂರಿನವರು ದೊಡ್ಡ ಅಂಗಡಿಗೆ ಹೋಗಿ ನಾಲ್ಕಾರು ಯಂತ್ರಗಳನ್ನು ಮುಟ್ಟಿ ನೋಡಿ, ಬೇಡವೆನಿಸಿದರೆ ಎದ್ದು ಬರಬಲ್ಲರು. ಚನ್ನಗಿರಿ ತಾಲ್ಲೂಕಿನ ಈ ಹೋಬಳಿ ಊರಿನವರು ಒಂದು ಕಂಪ್ಯೂಟರ್ ಕೊಳ್ಳಬೇಕೆಂದರೆ ದಾವಣಗೆರೆಯ ಬಸ್ಸು ಹತ್ತಬೇಕಿತ್ತು. ಅದು ಕೆಟ್ಟರೆ ಮಡಿಲಲ್ಲಿ ಕೂರಿಸಿಕೊಂಡು ಮತ್ತೆ ಅದೇ ಬಸ್ಸು ಹತ್ತಬೇಕಿತ್ತು. ಮುಟ್ಟಿ ನೋಡುವ ಅವಕಾಶ ಯಾರಿಗೆ ಕಡಿಮೆಯೋ ಅವರಿಗೇ ಮುಟ್ಟಿ ನೋಡಿದವರ ಮಾತು ಹೆಚ್ಚು ಬೇಕು.

ಊರಿನ ಹೆಸರಿನಲ್ಲೇ ಸಂತೆಯಿದೆ. ಸಂತೆಗೆ ಹೋದ ಯಾವ ಗೃಹಸ್ಥನೂ ಮೂಟೆಯ ಬಾಯಲ್ಲಿ ಕಾಣುವ ಮೆಣಸಿನಕಾಯಿಯನ್ನಷ್ಟೇ ನೋಡಿ ದುಡ್ಡು ಎಣಿಸುವುದಿಲ್ಲ, ಮೊಣಕೈವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆಯುತ್ತಾನೆ. ಈ ಸೀಮೆಯ ಅಡಿಕೆ ವ್ಯಾಪಾರವೂ ಹಾಗೆಯೇ. ಪ್ರವಾದಿ ಮುಹಮ್ಮದ್(ಸ)ರ ಜೀವನದಲ್ಲಿ ಇಂಥದೇ ಒಂದು ಪ್ರಸಂಗವಿದೆ, ಸಹೀಹ್ ಮುಸ್ಲಿಮ್‌ನಲ್ಲಿ ಅದು ದಾಖಲಾಗಿದೆ. ಪೇಟೆಯಲ್ಲಿ ಧಾನ್ಯದ ರಾಶಿಯೊಂದರ ಬಳಿ ಹಾದುಹೋಗುವಾಗ ಅವರು ಅದರೊಳಗೆ ಕೈ ಹಾಕುತ್ತಾರೆ. ಬೆರಳಿಗೆ ತೇವ ತಾಗುತ್ತದೆ. ಮಳೆ ಬಿದ್ದು ನೆನೆಯಿತೆಂದು ಮಾರುವವನು ಹೇಳುತ್ತಾನೆ. ಹಾಗಿದ್ದರೆ ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆಯೇ ಏಕೆ ಇಡಲಿಲ್ಲವೆಂದು ಅವರು ಕೇಳುತ್ತಾರೆ, ವಂಚಿಸುವವನು ನಮ್ಮವನಲ್ಲವೆಂದು ಎಚ್ಚರಿಸುತ್ತಾರೆ. ಈ ಪ್ರಸಂಗವನ್ನು ಸಾಮಾನ್ಯವಾಗಿ ವ್ಯಾಪಾರಿಗೆ ಹೇಳಿದ ಬುದ್ಧಿವಾದವೆಂದು ಓದುತ್ತೇವೆ. ಅದರಲ್ಲಿ ವಿಮರ್ಶಕನಿಗೂ ಪಾಠವಿದೆ: ತೀರ್ಪು ಹೇಳುವ ಮೊದಲು ಕೈ ಒಳಗೆ ಹೋಗಿತ್ತು.

ನಮ್ಮಲ್ಲಿ ಯಂತ್ರಗಳ ಬಗ್ಗೆ ಬರೆಯುವವರು ಎರಡು ಬಗೆ. ಮೊದಲನೆಯವರು ಕಂಪನಿಯ ಕರಪತ್ರವನ್ನು ಕನ್ನಡಕ್ಕೆ ಇಳಿಸುತ್ತಾರೆ. ಇಷ್ಟು ಗಿಗಾಹರ್ಟ್ಸ್, ಇಷ್ಟು ಜಿಬಿ, ಇಷ್ಟು ಮೆಗಾಪಿಕ್ಸೆಲ್, ಕೊನೆಗೆ ಐದರಲ್ಲಿ ನಾಲ್ಕು ನಕ್ಷತ್ರ. ಎರಡನೆಯವರು ಪ್ರವಚನಕಾರರು. ನಮ್ಮ ಸಮುದಾಯದ ವೇದಿಕೆಗಳಲ್ಲಿ, ಪತ್ರಿಕೆಗಳಲ್ಲಿ ಇವರ ದನಿಯೇ ಜೋರು. ಟೀವಿ ಮಕ್ಕಳನ್ನು ಕೆಡಿಸಿತು, ಕಂಪ್ಯೂಟರ್ ಕೆಡಿಸಿತು, ಮೊಬೈಲ್ ಪೂರಾ ಕೆಡಿಸಿತು. ಮೊದಲಿನವರು ಎಲ್ಲವನ್ನೂ ಹೊಗಳುತ್ತಾರೆ, ಎರಡನೆಯವರು ಎಲ್ಲವನ್ನೂ ತೆಗಳುತ್ತಾರೆ. ಇಬ್ಬರ ಕೈಯೂ ಒಣಗಿಯೇ ಇದೆ. ಇದು ಈ ಬರಹದ ತಕರಾರು.

ಅಳತೆಯ ಮಾತು

ಕುರ್‌ಆನಿನ 83ನೇ ಅಧ್ಯಾಯದ ಹೆಸರು ಅಲ್ ಮುತಫ್ಫಿಫೀನ್. ಅಳತೆ, ತೂಕದಲ್ಲಿ ಕಡಿತ ಮಾಡುವವರು ಎಂದು ಅರ್ಥ. ಕಂಪ್ಯೂಟರ್ ಪೇಟೆಯ ಅಳತೆಗಳನ್ನು ಈ ಹೆಸರಿನ ಬೆಳಕಿನಲ್ಲಿ ನೋಡಬಹುದು. 2000ದ ದಶಕದಲ್ಲಿ ಮನೆಗೆ ಕಂಪ್ಯೂಟರ್ ತಂದವರು 80 ಜಿಬಿ ಹಾರ್ಡ್ ಡಿಸ್ಕ್ ಎಂದು ದುಡ್ಡು ಕೊಟ್ಟರು, ಪರದೆಯ ಮೇಲೆ ವಿಂಡೋಸ್ ತೋರಿಸಿದ್ದು 74.5 ಜಿಬಿ. ತಯಾರಕರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಅಳೆಯುತ್ತದೆ. ಇದು ಕಳ್ಳತನವಲ್ಲ, ಎರಡು ಸೇರುಗಳ ವ್ಯತ್ಯಾಸ. ಆದರೆ ಕೊಳ್ಳುವವನಿಗೆ ಇದನ್ನು ಒಂದು ಸಾಲಿನಲ್ಲಿ ಹೇಳುವುದು ಯಾರ ಕೆಲಸ?

ಸ್ಪೀಕರುಗಳ ಕಥೆ ಇದಕ್ಕಿಂತ ಸೊಗಸು. ಅಂಗೈಯಗಲದ ಎರಡು ಡಬ್ಬಿಗಳ ಮೇಲೆ 1000 ವಾಟ್ ಪಿಎಂಪಿಒ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಿತ್ತು. ಈ ಪಿಎಂಪಿಒ ಎಂಬುದಕ್ಕೆ ಎಲ್ಲರೂ ಒಪ್ಪಿದ ಮಾನದಂಡವೇ ಇಲ್ಲ, ಪ್ರತಿ ತಯಾರಕನೂ ತನಗೆ ತೋಚಿದ ಸಂಖ್ಯೆ ಹಾಕಬಹುದಿತ್ತು. ನಿಜವಾದ ಶಕ್ತಿ ಕೆಲವೇ ವಾಟ್. ಕೈಯಲ್ಲಿ ಹಿಡಿದು ಆಡುವ ಬ್ರಿಕ್ ಗೇಮ್ ಪೆಟ್ಟಿಗೆಗಳ ಮೇಲೆ 9999 ಆಟಗಳು ಎಂದಿರುತ್ತಿತ್ತು. ಟೀವಿಗೆ ಜೋಡಿಸುವ ಆಟದ ಕ್ಯಾಸೆಟ್ಟುಗಳ ಮೇಲೂ ಇಂಥದೇ ಸಂಖ್ಯೆ. ಒಳಗಿದ್ದದ್ದು ಬೆರಳೆಣಿಕೆಯ ಆಟಗಳು. ವೇಗ ಬದಲಿಸಿ, ಹಂತ ಬದಲಿಸಿ ಅದನ್ನೇ ಮತ್ತೆ ಮತ್ತೆ ಎಣಿಸಿದ್ದರು. ಊರಿನ ಹುಡುಗರು ಮೂರು ದಿನಗಳಲ್ಲಿ ಈ ಗುಟ್ಟನ್ನು ಬಯಲು ಮಾಡುತ್ತಿದ್ದರು. ಯಾವ ಪತ್ರಿಕೆಯೂ ಮಾಡದ ವಿಮರ್ಶೆಯನ್ನು ಹತ್ತು ವರ್ಷದ ಮಕ್ಕಳು ಆಡಿ, ಎಣಿಸಿ ಮಾಡಿದ್ದರು.

ಅಮೆರಿಕದಲ್ಲಿ 1936ರಿಂದ ನಡೆದುಬಂದ ಕನ್ಸ್ಯೂಮರ್ ರಿಪೋರ್ಟ್ಸ್ ಎಂಬ ಪತ್ರಿಕೆ ತಾನು ಪರೀಕ್ಷಿಸುವ ವಸ್ತುವನ್ನು ಸಾಮಾನ್ಯ ಗಿರಾಕಿಯಂತೆ ಅಂಗಡಿಯಿಂದ ದುಡ್ಡು ಕೊಟ್ಟು ತರುತ್ತದೆ, ತನ್ನ ಪುಟಗಳಲ್ಲಿ ಜಾಹೀರಾತು ಹಾಕುವುದಿಲ್ಲ. ನಮ್ಮ ಸಣ್ಣ ಪತ್ರಿಕೆಗಳಿಗೆ ಅಷ್ಟು ಶಕ್ತಿಯಿಲ್ಲ, ನಿಜ. ಆದರೆ ಕಂಪನಿ ಎರಡು ವಾರಕ್ಕೆ ಎರವಲು ಕೊಟ್ಟ ಯಂತ್ರವೊಂದರಲ್ಲಿ ಏನೇನು ತಿಳಿಯುವುದಿಲ್ಲ ಎಂಬುದನ್ನಾದರೂ ಹೇಳಬಹುದಲ್ಲ? ಎರಡು ವಾರದಲ್ಲಿ ಬ್ಯಾಟರಿ ಸೊರಗುವುದಿಲ್ಲ, ಫ್ಯಾನಿಗೆ ಧೂಳು ಕಟ್ಟುವುದಿಲ್ಲ. ಕರೆಂಟು ಹೋಗಿ ಬರುವ ಹೊತ್ತಿನಲ್ಲಿ ವೋಲ್ಟೇಜ್ ಏರಿಳಿದು ಪವರ್ ಸಪ್ಲೈ ಸುಡುವುದಿಲ್ಲ. ನಮ್ಮ ಊರುಗಳಲ್ಲಿ ಯಂತ್ರಗಳು ಸಾಯುವುದು ಮಾತ್ರ ಈ ಕಾರಣಗಳಿಂದಲೇ.

ಅಕ್ಷರದ ಪರೀಕ್ಷೆ

2005ರಲ್ಲಿ ಎಚ್‌ಸಿಎಲ್ ಕಂಪನಿ 9,990 ರೂಪಾಯಿಯ ಕಂಪ್ಯೂಟರನ್ನು ಪ್ರಕಟಿಸಿತು. ಹತ್ತು ಸಾವಿರದೊಳಗೆ ಕಂಪ್ಯೂಟರ್ ಎಂದು ಪತ್ರಿಕೆಗಳೆಲ್ಲ ಸಂಭ್ರಮಿಸಿದವು. ಅದರಲ್ಲಿದ್ದದ್ದು ವಿಂಡೋಸ್ ಅಲ್ಲ, ಲಿನಕ್ಸ್. ಲಿನಕ್ಸ್ ಕೆಟ್ಟದ್ದೆಂದು ಯಾರೂ ಹೇಳುವಂತಿಲ್ಲ. ಆದರೆ ಆಗ ಕರ್ನಾಟಕ ಸರ್ಕಾರದ ಕಚೇರಿಗಳಲ್ಲಿ ಬಳಕೆಯಲ್ಲಿದ್ದದ್ದು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ, ಅದು ನಡೆಯುತ್ತಿದ್ದದ್ದು ವಿಂಡೋಸ್‌ನಲ್ಲಿ. ತರಬೇತಿ ಕೇಂದ್ರದಲ್ಲಿ ನುಡಿ ಕಲಿತ ಹುಡುಗಿ ಮನೆಯ ಈ ಅಗ್ಗದ ಕಂಪ್ಯೂಟರಿನಲ್ಲಿ ಒಂದು ಅರ್ಜಿಯನ್ನು ಬೆರಳಚ್ಚು ಮಾಡಬಲ್ಲಳೇ? ಮಾಡಲಾಗದಿದ್ದರೆ ಆ 9,990ಕ್ಕೆ ವಿಂಡೋಸಿನ ಬೆಲೆ ಸೇರಿಸಬೇಕು ಅಥವಾ ಕದ್ದ ಪ್ರತಿಯನ್ನು ಹಾಕಿಸಬೇಕು. ಯುಪಿಎಸ್ ಬೇರೆ. ಹೀಗೆ ಕೂಡಿಸುತ್ತ ಹೋದಾಗ ಸಿಗುವ ಮೊತ್ತವೇ ನಿಜವಾದ ಬೆಲೆ.

ಕಂಪ್ಯೂಟರಿನಲ್ಲಿ ಕನ್ನಡ ತರಲು ಪಟ್ಟ ಪಾಡು ಸಣ್ಣದಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಅವರು ಕೊಟ್ಟ ಬರಹ, ಆಮೇಲೆ ನುಡಿ ಇವೆಲ್ಲ ಕಂಪನಿಗಳ ಕೊಡುಗೆಯಲ್ಲ, ಭಾಷೆಯ ಮೇಲಿನ ಪ್ರೀತಿಯಿಂದ ದುಡಿದವರ ಫಲ. ಆದರೆ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆದರೆ ಗೋಜಲು ಚಿಹ್ನೆಗಳಾಗುತ್ತಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಅಕ್ಷರಶೈಲಿಯೊಂದಿಗೆ ಯೂನಿಕೋಡ್ ಕನ್ನಡ ಬಂದರೂ ಒತ್ತಕ್ಷರಗಳ ತೊಂದರೆ ಮುಗಿಯಲಿಲ್ಲ. 'ರ‍್ಯಾಂಕ್' ಎಂದು ಬರೆಯಹೊರಟರೆ ರಕಾರ ಅರ್ಕಾವೊತ್ತಾಗಿ ಹಿಂದಕ್ಕೆ ಜಿಗಿಯುತ್ತಿತ್ತು. ಆ್ಯಂಡ್ರಾಯ್ಡ್ ಫೋನುಗಳು ಬಂದ ಆರಂಭದ ವರ್ಷಗಳಲ್ಲಿ ಹಲವು ಫೋನುಗಳು ಕನ್ನಡದ ಜಾಗದಲ್ಲಿ ಖಾಲಿ ಚೌಕಗಳನ್ನು ತೋರಿಸಿದವು. ಆಗ ಕನ್ನಡ ಪತ್ರಿಕೆಗಳೇ, ಕನ್ನಡ ಓದಲು ಬಾರದ ಫೋನುಗಳಿಗೆ ಕನ್ನಡದಲ್ಲಿ ನಕ್ಷತ್ರಗಳನ್ನು ಹಂಚುತ್ತಿದ್ದವು.

ಇಲ್ಲಿ ಒಬ್ಬರನ್ನು ನೆನೆಯಲೇಬೇಕು. ಯು.ಬಿ. ಪವನಜ ಅವರು 'ಪ್ರಜಾವಾಣಿ'ಯಲ್ಲಿ ಬರೆಯುತ್ತಿದ್ದ 'ಗ್ಯಾಜೆಟ್ ಲೋಕ' ಅಂಕಣದಲ್ಲಿ ಫೋನುಗಳನ್ನು ಪರಿಶೀಲಿಸುವಾಗ ಅವುಗಳಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆಯೇ ಎಂದು ನೋಡಿ ಹೇಳುತ್ತಿದ್ದರು. ಒಂದೇ ಪ್ರಶ್ನೆ, ಆದರೆ ಅದು ಕರಪತ್ರದಲ್ಲಿ ಇಲ್ಲದ ಪ್ರಶ್ನೆ. ಓದುಗ ಯಾರೆಂಬುದು ಗೊತ್ತಿದ್ದವನು ಮಾತ್ರ ಕೇಳಬಲ್ಲ ಪ್ರಶ್ನೆ.

ನಮ್ಮ ಮನೆಗಳಲ್ಲಿ ಇನ್ನೊಂದು ಪ್ರಶ್ನೆಯೂ ಇದೆ. ಮನೆಮಾತು ಉರ್ದು, ಶಾಲೆಯ ಮಾತು ಕನ್ನಡ. ಅಜ್ಜಿ ಓದುವುದು ನಸ್ತಾಲೀಖ್ ಬರವಣಿಗೆಯನ್ನು. ಆ ಇಳಿಜಾರಿನ, ಒಂದರ ಮೇಲೊಂದು ಜೋತುಬೀಳುವ ಅಕ್ಷರಗಳಿಗಾಗಿ 1994ರಿಂದ ಇನ್‌ಪೇಜ್ ತಂತ್ರಾಂಶವಿತ್ತು. ಆದರೆ ಫೋನುಗಳು ಬಂದಾಗ ಉರ್ದುವನ್ನು ಅರಬ್ಬಿಯ ನಸ್ಖ್ ಅಚ್ಚಿನಲ್ಲೇ ತೋರಿಸಿದವು. ಐಫೋನ್ ಬಂದದ್ದು 2007ರಲ್ಲಿ, ಅದರಲ್ಲಿ ಉರ್ದುವಿಗೆ ನಸ್ತಾಲೀಖ್ ಸಿಕ್ಕಿದ್ದು 2017ರಲ್ಲಿ. ಅದೂ ಉರ್ದು ಬಲ್ಲವರು ಪದೇ ಪದೇ ಕೇಳಿದ ಮೇಲೆ. ಕನ್ನಡಿಗರ ಖಾಲಿ ಚೌಕಗಳೂ ಉರ್ದು ಅಜ್ಜಿಯರ ಅಪರಿಚಿತ ಅಕ್ಷರಗಳೂ ಒಂದೇ ರೋಗದ ಎರಡು ಲಕ್ಷಣ. ಯಂತ್ರ ಮಾಡಿದವನ ಕಣ್ಣಿಗೆ ಇಬ್ಬರೂ ಬಿದ್ದಿರಲಿಲ್ಲ. ಈ ಎರಡು ದೂರುಗಳು ಒಂದೇ ಪುಟದಲ್ಲಿ ಅಚ್ಚಾದದ್ದು ಅಪರೂಪ.

ಎರಡು ಯಂತ್ರಗಳು

ಹೊಗಳಿಕೆಯಿಂದಲೇ ಯಂತ್ರಕ್ಕೆ ಅನ್ಯಾಯವಾದ ಉದಾಹರಣೆ ಬೇಕಿದ್ದರೆ ನಮ್ಮ ರಾಜ್ಯದಲ್ಲೇ ಇದೆ. 1999ರಲ್ಲಿ ಬೆಂಗಳೂರಿನ ಏಳು ಮಂದಿ ವಿಜ್ಞಾನಿ, ಎಂಜಿನಿಯರುಗಳು ಸ್ವಾಮಿ ಮನೋಹರ್ ಅವರ ನೇತೃತ್ವದಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ಬಡವರಿಗೂ ಎಟಕುವ, ಭಾರತೀಯ ಭಾಷೆಗಳಲ್ಲಿ ವ್ಯವಹರಿಸುವ ಅಂಗೈ ಕಂಪ್ಯೂಟರ್ ಮಾಡುವುದು ಗುರಿ. 2001ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಮ್ಯಾಗಜೀನ್ ಅದನ್ನು ಆ ವರ್ಷದ ಕಂಪ್ಯೂಟರ್ ಲೋಕದ ಬಹುಮುಖ್ಯ ಆವಿಷ್ಕಾರವೆಂದು ಕೊಂಡಾಡಿತು. ನಮ್ಮ ಪತ್ರಿಕೆಗಳು ಹೆಮ್ಮೆಯಿಂದ ಅದನ್ನು ಮರುಮುದ್ರಿಸಿದವು. 2004ರಲ್ಲಿ ಬಿಇಎಲ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಪೇಟೆಗೆ ಬಂದಾಗ ಅದರ ಅತಿ ಕಡಿಮೆ ಬೆಲೆ 9,950 ರೂಪಾಯಿ. ಯಂತ್ರದಲ್ಲಿ ಹುರುಳಿತ್ತು. ಕೈಯ ಅಲುಗಾಟವನ್ನು ಗುರುತಿಸುವ ಸಂವೇದಕವೂ ಅದರಲ್ಲಿತ್ತು, ಐಫೋನಿಗಿಂತ ಮೂರು ವರ್ಷ ಮೊದಲೇ. ಆದರೂ 50,000 ಮಾರಾಟವಾಗಬಹುದೆಂಬ ನಿರೀಕ್ಷೆಯಿದ್ದಲ್ಲಿ 2005ರ ಹೊತ್ತಿಗೆ ಮಾರಾಟವಾದದ್ದು ಸುಮಾರು 4,000. ಬರೆದವರೆಲ್ಲ ಅದರ ಉದ್ದೇಶವನ್ನು ವಿಮರ್ಶಿಸಿದ್ದರು. ರೈತನೊಬ್ಬನ ಕೈಗೆ ಒಂದು ತಿಂಗಳು ಕೊಟ್ಟು, ಅವನು ಅದರಿಂದ ಏನು ಮಾಡಿದ, ಎಲ್ಲಿ ಸುಮ್ಮನೆ ಇಟ್ಟುಬಿಟ್ಟ ಎಂದು ಬರೆದಿದ್ದರೆ ಕೊಳ್ಳುವವರಿಗೂ, ಅಷ್ಟೊಂದು ಶ್ರಮಪಟ್ಟ ತಯಾರಕರಿಗೂ ಉಪಕಾರವಾಗುತ್ತಿತ್ತು.

ಅದೇ ವರ್ಷಗಳಲ್ಲಿ ಈ ಭಾಗದ ರೈತ ಮೊದಲ ಬಾರಿಗೆ ಕಂಪ್ಯೂಟರಿನ ಮುಂದೆ ನಿಂತದ್ದು ಮನೆಯಲ್ಲಲ್ಲ, ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದಲ್ಲಿ. ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು, 15 ರೂಪಾಯಿ ಕೊಟ್ಟರೆ ಪ್ರತಿ ಸಿಗುತ್ತಿತ್ತು. ಆ ವ್ಯವಸ್ಥೆಯಲ್ಲಿ ಒಂದು ಸಣ್ಣ ಅಂಶ ನಮಗೆ ಬಹಳ ಮುಖ್ಯವೆನಿಸುತ್ತದೆ. ಕೇಂದ್ರದಲ್ಲಿ ಎರಡನೆಯ ಪರದೆಯೊಂದನ್ನು ಅರ್ಜಿದಾರನ ಕಡೆಗೆ ತಿರುಗಿಸಿ ಇಡಲಾಗಿತ್ತು. ಒಳಗೆ ಕುಳಿತವನು ಏನು ಮಾಡುತ್ತಿದ್ದಾನೆಂದು ಹೊರಗೆ ನಿಂತವನಿಗೂ ಕಾಣಬೇಕು ಎಂಬುದು ಅದರ ಹಿಂದಿನ ವಿಚಾರ. ಪ್ರಶಸ್ತಿಗಳು ಬಂದವು. ಆದರೆ 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಅಧ್ಯಯನ ನಡೆಸಿ, ಬೆಂಗಳೂರಿನ ಆಸುಪಾಸಿನಲ್ಲಿ ಈ ದಾಖಲೆಗಳ ಕೇಂದ್ರೀಕರಣದಿಂದ ದೊಡ್ಡ ಜಮೀನು ಖರೀದಿದಾರರಿಗೆ ಹೆಚ್ಚು ಅನುಕೂಲವಾಯಿತೆಂದು ವಾದಿಸಿದರು. ಒಪ್ಪುವುದು ಬಿಡುವುದು ಬೇರೆ ಮಾತು. ಪ್ರಶಸ್ತಿ ಬಂದ ಯಂತ್ರದ ತಳಕ್ಕೂ ಕೈ ಇಳಿಸಬಹುದೆಂದು ಅವರು ತೋರಿಸಿಕೊಟ್ಟರು.

ಆಟದೊಳಗಿನ ಊರು

ವಿಡಿಯೊ ಗೇಮ್‌ಗಳ ವಿಷಯಕ್ಕೆ ಬಂದರೆ ಇಬ್ಬರೂ ವಿಮರ್ಶಕರು ಇನ್ನಷ್ಟು ಬಡವಾಗುತ್ತಾರೆ. ಒಬ್ಬ ಚಿತ್ರಕ್ಕೆ ಒಂಬತ್ತು, ಸದ್ದಿಗೆ ಒಂಬತ್ತು ಅಂಕ ಕೊಡುತ್ತಾನೆ. ಇನ್ನೊಬ್ಬ ಚಟ ಎಂಬ ಒಂದೇ ಶಬ್ದದಲ್ಲಿ ಮುಗಿಸುತ್ತಾನೆ. ಆಟದೊಳಗೆ ಏನು ನಡೆಯುತ್ತದೆ ಎಂದು ಇಬ್ಬರೂ ಹೇಳುವುದಿಲ್ಲ.

ಹೇಳಲು ಬೇಕಾದಷ್ಟಿದೆ. 2002ರಲ್ಲಿ ಅಮೆರಿಕದ ಸೇನೆಯೇ ಅಮೆರಿಕಾಸ್ ಆರ್ಮಿ ಎಂಬ ಆಟವನ್ನು ಪುಕ್ಕಟೆ ಹಂಚಿತು. ಯುವಕರನ್ನು ಸೈನ್ಯದತ್ತ ಸೆಳೆಯುವುದು ಅದರ ಉದ್ದೇಶ. 2007ರ ಕಾಲ್ ಆಫ್ ಡ್ಯೂಟಿ 4 ಆಟದ ಯುದ್ಧ ನಡೆಯುವುದು ಹೆಸರೇ ಇಲ್ಲದ ಒಂದು ಅರಬ್ ದೇಶದಲ್ಲಿ. ಅದೇ ಸರಣಿಯ 2009ರ ಆಟದಲ್ಲಿ ಕರಾಚಿ ನಗರವಿದೆ. ಅಲ್ಲಿನ ಬೀದಿಯ ಫಲಕಗಳು ಉರ್ದುವಿನಲ್ಲಿಲ್ಲ, ಅರಬ್ಬಿಯಲ್ಲಿವೆ! ಕೋಟ್ಯಂತರ ಡಾಲರ್ ಖರ್ಚು ಮಾಡಿ ಬಂದೂಕಿನ ಒಂದೊಂದು ತಿರುಪನ್ನೂ ತಿದ್ದಿತೀಡಿದವರಿಗೆ ಆ ಊರಿನ ಜನ ಯಾವ ಭಾಷೆ ಓದುತ್ತಾರೆಂದು ಕೇಳಬೇಕೆನಿಸಲಿಲ್ಲ. 2019ರ ಆಟದಲ್ಲಿ 'ಸಾವಿನ ಹೆದ್ದಾರಿ' ಎಂಬ ಸ್ಥಳವಿದೆ, ಅಲ್ಲಿ ಬಾಂಬು ಹಾಕಿದವರು ರಷ್ಯನ್ನರೆಂದು ಹೇಳಲಾಗುತ್ತದೆ. ಅದೇ ಹೆಸರಿನ ನಿಜವಾದ ಘಟನೆ 1991ರಲ್ಲಿ ಕುವೈತ್‌ನಿಂದ ಹಿಂದಿರುಗುತ್ತಿದ್ದ ಇರಾಕಿಗಳ ಮೇಲೆ ಅಮೆರಿಕ ನೇತೃತ್ವದ ಪಡೆಗಳು ನಡೆಸಿದ ದಾಳಿ. ಪ್ರೇಗ್‌ನ ವಿಟ್ ಶಿಸ್ಲರ್ ಎಂಬ ವಿದ್ವಾಂಸರು 2008ರಲ್ಲಿ ಇಂಥ ಆಟಗಳನ್ನು ಆಡಿ, ಪರಿಶೀಲಿಸಿ ಅರಬರು, ಮುಸ್ಲಿಮರು ಅವುಗಳಲ್ಲಿ ಹೆಚ್ಚಾಗಿ ಶತ್ರುಗಳಾಗಿಯೇ ಬರುತ್ತಾರೆಂದು ದಾಖಲಿಸಿದರು.

ಇದಕ್ಕೆ ಉತ್ತರವಾಗಿ ಹಿಜ್ಬುಲ್ಲಾ 2003ರಲ್ಲಿ ಸ್ಪೆಷಲ್ ಫೋರ್ಸ್ ಎಂಬ ಆಟವನ್ನು ತಂದಿತು. ಗುರಿಯಾಗುವವರು ಬದಲಾದರು, ಬಂದೂಕಿನ ಹಿಂದಿನ ಕಣ್ಣು ಬದಲಾಗಲಿಲ್ಲ. ನಮ್ಮವರು ಮಾಡಿದ್ದೆಂದು ಅದಕ್ಕೆ ಬೇರೆ ಅಂಕ ಕೊಡುವುದು ವಿಮರ್ಶೆಯಾಗುವುದಿಲ್ಲ. ಅದೇ 2003ರಲ್ಲಿ ಉರುಗ್ವೆಯ ಗೊಂಜಾಲೊ ಫ್ರಾಸ್ಕ ರೂಪಿಸಿದ ಸೆಪ್ಟೆಂಬರ್ 12 ಎಂಬ ಪುಟ್ಟ ಆಟ ಬೇರೆ ದಾರಿ ಹಿಡಿಯಿತು. ಒಂದು ಪೇಟೆ, ಓಡಾಡುವ ಜನ, ಅವರ ನಡುವೆ ಕೆಲವರು ಉಗ್ರರು. ನೀವು ಕ್ಷಿಪಣಿ ಬಿಟ್ಟರೆ ಪಕ್ಕದಲ್ಲಿದ್ದವರೂ ಸಾಯುತ್ತಾರೆ. ಸತ್ತವರ ಮುಂದೆ ಅಳುವವರು ಎದ್ದು ತಾವೇ ಉಗ್ರರಾಗುತ್ತಾರೆ. ಈ ಆಟದಲ್ಲಿ ಗೆಲುವಿಲ್ಲ. ಆಟವೆಂಬ ಮಾಧ್ಯಮದಿಂದಲೇ ಯುದ್ಧವನ್ನು ವಿಮರ್ಶಿಸಬಹುದೆಂದು ತೋರಿಸಿದ ಇಂಥದ್ದನ್ನು ನಮ್ಮ ಪ್ರವಚನಕಾರರು ಆಡಿದ್ದರೆ ಅವರ ಪ್ರವಚನಕ್ಕೂ ತೂಕ ಬರುತ್ತಿತ್ತು. 2023ರ ಅಸಾಸಿನ್ಸ್ ಕ್ರೀಡ್ ಮಿರಾಜ್ ಆಟದಲ್ಲಿ ಒಂಬತ್ತನೆಯ ಶತಮಾನದ ಬಗ್ದಾದ್ ಇದೆ, ಅದರ ಜ್ಞಾನಮಂದಿರವಿದೆ. ಇಡೀ ಆಟವನ್ನು ಅರಬ್ಬಿಯಲ್ಲೂ ಆಡಬಹುದು. ಕೊಲೆಗಾರನ ಕಥೆಯೇ ಆದರೂ, ಆ ನಗರವನ್ನು ಮಕ್ಕಳೊಂದಿಗೆ ಕುಳಿತು ನೋಡಿ ಇತಿಹಾಸ ಮಾತಾಡಬಹುದು.

ಪಬ್‌ಜಿಯನ್ನು ಕೇಂದ್ರ ಸರ್ಕಾರ 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿದಾಗ ಎಲ್ಲರೂ ಚೀನಾದ ಬಗ್ಗೆ ಮಾತಾಡಿದರು. ನೂರು ಜನರನ್ನು ಒಂದು ಬಯಲಿಗೆ ಇಳಿಸಿ, ಸುತ್ತಲಿನ ವೃತ್ತವನ್ನು ಕಿರಿದಾಗಿಸುತ್ತ, ಕೊನೆಗೆ ಉಳಿದವರನ್ನಷ್ಟೇ ಗೆದ್ದವರೆನ್ನುವ ಈ ಆಟದ ನಿಯಮ ನಮ್ಮ ಹುಡುಗರಿಗೆ ಏಕೆ ಇಷ್ಟು ಹತ್ತಿರವೆನಿಸಿತು ಎಂದು ಯಾರೂ ಕೇಳಲಿಲ್ಲ. ನೂರು ಅರ್ಜಿಗಳಿಗೆ ಒಂದು ಕೆಲಸವಿರುವ ಕಾಲದಲ್ಲಿ ಬೆಳೆದವರು ಅವರು.

ವಿಮರ್ಶೆ ಇಲ್ಲದಿದ್ದುದರ ನಿಜವಾದ ದಂಡ ತೆತ್ತದ್ದು ಹಣ ಕಟ್ಟಿ ಆಡುವ ರಮ್ಮಿಯಂಥ ಆ್ಯಪ್‌ಗಳಲ್ಲಿ. ಇಸ್ಲಾಮಿನಲ್ಲಿ ಜೂಜು ನಿಷಿದ್ಧವೆಂದು ಹೇಳಿ ನಾವು ಸುಮ್ಮನಾದೆವು, ಕೌಶಲದ ಆಟವೆಂದು ಜಾಹೀರಾತುಗಳು ಹೇಳುತ್ತಲೇ ಇದ್ದವು. ಆ ಆ್ಯಪ್ ಹೊಸಬನಿಗೆ ಬೋನಸ್ ಕೊಟ್ಟು ಹೇಗೆ ಒಳಗೆಳೆಯುತ್ತದೆ, ಸೋತವನಿಗೆ ಯಾವ ಹೊತ್ತಿನಲ್ಲಿ ಸಂದೇಶ ಕಳಿಸುತ್ತದೆ, ಗೆದ್ದ ಹಣ ಹೊರತೆಗೆಯಲು ಎಷ್ಟು ಮೆಟ್ಟಿಲು ಹತ್ತಿಸುತ್ತದೆ ಎಂದು ಬಿಡಿಸಿ ತೋರಿಸುವ ಕನ್ನಡ ಪುಟ ಬೇಕಿತ್ತು. ಕರ್ನಾಟಕ 2021ರಲ್ಲಿ ಕಾನೂನು ತಂದಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣದ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಈ ನಡುವೆ ಕಳೆದ ವರ್ಷಗಳಲ್ಲಿ ಸಾಲಕ್ಕೆ ಸಿಕ್ಕವರು ನಮ್ಮ ತಾಲ್ಲೂಕುಗಳಲ್ಲೂ ಇದ್ದಾರೆ.

ಯಾರ ಕೈಯಲ್ಲಿದೆ?

ಕರಪತ್ರ ಬರೆಯುವವನ ಮನಸ್ಸಿನಲ್ಲಿ ಬಳಕೆದಾರ ಎಂದರೆ ಒಬ್ಬ ಯುವಕ, ಅವನ ಕೈಯಲ್ಲಿ ಒಂದು ಫೋನ್. 2020ರಲ್ಲಿ ಶಾಲೆಗಳು ಮುಚ್ಚಿ ಪಾಠ ಫೋನಿಗೆ ಬಂದಾಗ ನಮ್ಮ ಮನೆಗಳಲ್ಲಿ ಐದು ಜನಕ್ಕೆ ಒಂದು ಫೋನ್ ಇತ್ತು. ಅದು ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತಿತ್ತು. ರಾತ್ರಿ ಮನೆಗೆ ಬಂದರೆ ಮೊದಲ ಸರದಿ ಹುಡುಗನದು, ಆಮೇಲೆ ಹುಡುಗಿಯದು. ಒಂದೇ ಫೋನಿನಲ್ಲಿ ಹಲವರಿಗೆ ಬೇರೆ ಬೇರೆ ಖಾತೆ ಕೊಡುವ ಅನುಕೂಲ 2014ರ ಆ್ಯಂಡ್ರಾಯ್ಡ್‌ನಿಂದಲೇ ಇದೆ, ಆದರೆ ಹಲವು ಕಂಪನಿಗಳು ಅದನ್ನು ತಮ್ಮ ಫೋನುಗಳಲ್ಲಿ ಕೊಡಲಿಲ್ಲ. ಹೆಣ್ಣುಮಗಳೊಬ್ಬಳಿಗೆ ತನ್ನ ಟಿಪ್ಪಣಿ, ತನ್ನ ಪಾಠ, ತನ್ನ ಮಾತು ಬೇರೆಯಾಗಿ ಉಳಿಯುವುದೆಂದರೆ ಏನೆಂದು ಬಲ್ಲವರು ಕ್ಯಾಮೆರಾದ ಮೆಗಾಪಿಕ್ಸೆಲ್‌ಗಿಂತ ಮೊದಲು ಇದನ್ನು ಬರೆಯುತ್ತಿದ್ದರು.

ಜಾಹೀರಾತನ್ನು ವಿಮರ್ಶೆಯ ವೇಷದಲ್ಲಿ ತರುವವರಿಗೆ ಈಗ ನಿಯಮಗಳಿವೆ. ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ, ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ, ಹಣ ಅಥವಾ ಉಡುಗೊರೆ ಪಡೆದು ಹೊಗಳುವವರು ಅದನ್ನು ಹೇಳಬೇಕೆಂದು ಸೂಚಿಸಿದವು. ಒಳ್ಳೆಯದು. ಆದರೆ ಪ್ರಾಮಾಣಿಕತೆ ಬಂದ ಮಾತ್ರಕ್ಕೆ ತಿಳಿವಳಿಕೆ ಬರುವುದಿಲ್ಲ. ಹಣ ಪಡೆಯದೆಯೂ ಮೂಟೆಯ ಬಾಯನ್ನಷ್ಟೇ ನೋಡಿ ಬರೆಯಬಹುದು.

ಹಾಗಾದರೆ ವಿಮರ್ಶಕರು ಎಲ್ಲಿಂದ ಬರಬೇಕು? ದೂರ ಹೋಗಬೇಕಿಲ್ಲ. ನಮ್ಮ ಹೋಬಳಿ ಊರುಗಳ ಬಸ್ ಸ್ಟ್ಯಾಂಡುಗಳ ಬಳಿ ಮೊಬೈಲ್ ರಿಪೇರಿಯ ಸಣ್ಣ ಅಂಗಡಿಗಳಿವೆ. ನಮ್ಮ ಹುಡುಗರು ಅನೇಕರು ಅಲ್ಲಿ ಬೆಸುಗೆಯ ಕಡ್ಡಿ ಹಿಡಿದು ಕುಳಿತಿದ್ದಾರೆ. ಯಾವ ಫೋನಿನ ಚಾರ್ಜಿಂಗ್ ಪಿನ್ ಆರು ತಿಂಗಳಲ್ಲಿ ಸಡಿಲವಾಗುತ್ತದೆ, ಯಾವುದರ ಬಿಡಿಭಾಗ ದಾವಣಗೆರೆಯಲ್ಲೂ ಸಿಗುವುದಿಲ್ಲ, ಯಾವುದನ್ನು ಅಂಟು ಹಾಕಿ ತೆರೆಯಲಾಗದಂತೆ ಮಾಡಿದ್ದಾರೆ ಎಂಬುದು ಅವರಿಗೆ ಬಾಯಿಪಾಠ. ದುರಸ್ತಿಯ ಹಕ್ಕಿಗಾಗಿ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು, ಆದರೆ ಈ ಹುಡುಗರನ್ನು ಯಾರೂ ಕೇಳಿದಂತಿಲ್ಲ. ಅವರಿಗೆ ಬರೆಯಲು ಬಿಡುವಿಲ್ಲದಿದ್ದರೆ ನಾವು ಹೋಗಿ ಕೇಳಿ ಬರೆದುಕೊಳ್ಳಬೇಕು. ಆನ್‌ಲೈನ್ ಪಾಠ ಕೇಳಿದ ಪಿಯುಸಿ ಹುಡುಗಿಯನ್ನು, ಉರ್ದು ಶಾಲೆಯ ಮೇಷ್ಟ್ರನ್ನು, ಹಗಲಿಡೀ ಪರದೆಯ ಮುಂದೆ ಕೂರುವ ಗ್ರಾಮ ಪಂಚಾಯ್ತಿಯ ಡಾಟಾ ಎಂಟ್ರಿ ಸಿಬ್ಬಂದಿಯನ್ನು ಕೇಳಬೇಕು. ಒಂದು ಫೋನನ್ನು ಒಂದು ವರ್ಷ ಬಳಸಿದ ಮೇಲೆ ಬರೆದ ಅರ್ಧ ಪುಟ, ಬಿಡುಗಡೆಯ ದಿನ ಬರೆದ ಎರಡು ಪುಟಗಳಿಗಿಂತ ನಮ್ಮ ಓದುಗರಿಗೆ ಹೆಚ್ಚು ಪ್ರಯೋಜನಕ್ಕೆ ಬರುತ್ತದೆ. ಬಿಡುಗಡೆಯ ದಿನ ಅದನ್ನು ಕೊಳ್ಳುವವರು ನಮ್ಮಲ್ಲಿ ಕಡಿಮೆ. ವರ್ಷ ಕಳೆದು ಬೆಲೆ ಇಳಿದ ಮೇಲೆ, ಎಷ್ಟೋ ಸಲ ಎರಡನೆಯ ಕೈಯಿಂದ ಕೊಳ್ಳುವವರೇ ಹೆಚ್ಚು. ಅವರಿಗಾಗಿ ಯಾರೂ ಈವರೆಗೆ ಬರೆದಿಲ್ಲ.